ಊದುಗೊಳವೆಯ ಉಸಿರು

ಜೀಪಿನ ಕನ್ನಡಿಯಲ್ಲಿ ಅವನು ತುಟಿ ಚೂಪು ಮಾಡಿದ್ದನ್ನು ಅವಳು ಎರಡು ಸಲ ನೋಡಿ ಸುಮ್ಮನಿದ್ದಳು. ಮೂರನೇ ಸಲ ಸುಮ್ಮನಿರಲಿಲ್ಲ.

"ಜೀಪ್ ನಿಲ್ಸಿ! ನನ್ನ ಏನಂದ್ಕೊಂಡಿದ್ದೀರಿ?"

ಡ್ರೈವರ್ ಕಂಗಾಲಾಗಿ ಬ್ರೇಕ್ ಒತ್ತಿದ. "ಅಯ್ಯೋ ಮೇಡಂ, ಉಸಿರಾಟ ಇದು! ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತೆ. ಮೂಗಿಂದ ತುಂಬ ಎಳ್ಕೊಂಡು, ತುಟಿ ಕಿರಿದು ಮಾಡಿ ಒತ್ತಿ ಊದಿದ್ರೆ ತಲೆಸುತ್ತು ಕಮ್ಮಿ. ಅದಕ್ಕೇ ಎಲ್ರೂ ನನ್ನ ಊದುಗೊಳವೆ ಅಂತಾರೆ."

ಬೆಟ್ಟದ ತುದಿಯ ದೊಡ್ಡ ದೂರದರ್ಶಕಕ್ಕೆ ಗಾಜು ಉಜ್ಜಿ ಹದ ಮಾಡುವುದು ಅವಳ ಕೆಲಸ. ಅವಳ ಕಿವಿ ಕೆಂಪಾಯಿತು. ಉಳಿದ ದಾರಿಯುದ್ದಕ್ಕೂ ಇಬ್ಬರೂ ಊದಿದರು, ಕದ್ದು ನಕ್ಕರು.

ಹೀಗೇ ಏಳು ತಿಂಗಳು, ತಿಂಗಳಿಗೆರಡು ಸಲ. ಊರ ಮೇಲಿನ ಮಾತೆಲ್ಲ ಆಡಿದರು. ಆಡಬೇಕಾದ ಮಾತು ಮಾತ್ರ ಇಬ್ಬರ ನಾಲಿಗೆ ತುದಿಯಲ್ಲೇ ಉಳಿಯಿತು.

ತಂಗಿಯ ಮದುವೆಗೆಂದು ಅವನು ಇಪ್ಪತ್ತು ದಿನ ಬಯಲಿಗೆ ಹೋಗಿದ್ದ. ಮರಳಿದ ಮರುದಿನವೇ ಜೀಪ್ ತಂದು ನಿಲ್ಲಿಸಿದ. ಅವಳು ತಿಂಗಳುಗಟ್ಟಲೆ ಉಜ್ಜಿದ ಗಾಜನ್ನು ಅಂದೇ ಕೂರಿಸಬೇಕಿತ್ತು. ಮೇಲೆ ವೀಕ್ಷಣಾಲಯದ ನಿರ್ದೇಶಕರು ಕಾಯುತ್ತಿದ್ದರು.

ಅರ್ಧ ದಾರಿಯಲ್ಲಿ ಅವನ ಕೆಮ್ಮು ಶುರುವಾಯಿತು. ಒಂದು ತಿರುವಿನಲ್ಲಿ ಚಕ್ರ ಪ್ರಪಾತದ ಅಂಚು ಸವರಿತು.

"ನಿಲ್ಸಿ! ಯಾವಾಗ ಬಂದ್ರಿ ನೀವು?"

"ನಿನ್ನೆ ಸಾಯಂಕಾಲ."

"ಕೆಳಗಿಂದ ಬಂದವರು ಮೈ ಒಗ್ಗೋಕೆ ಎರಡು ದಿನ ಸುಮ್ನೆ ಕೂರ್ಬೇಕು ಅಂತ ನನಗೆ ಪಾಠ ಹೇಳಿದ್ದು ಯಾರು?"

"ಊದ್ತೀನಲ್ಲ... ಸರಿಹೋಗುತ್ತೆ."

ಊದಲು ಹೋದರೆ ಕೆಮ್ಮು ಬಿಡಲಿಲ್ಲ. ತುಟಿ ನೀಲಿಗಟ್ಟಿತ್ತು.

"ಇದು ಊದಿದ್ರೆ ಹೋಗೋದಲ್ಲ. ಈಗಲೇ ಕೆಳಗಿಳೀಬೇಕು."

"ನಿಮ್ಮ ಗಾಜು..."

"ಗಾಜಿನ ಮನೆ ಹಾಳಾಗ್ಲಿ! ಸರೀರಿ ಆ ಕಡೆ."

ಸಮತಟ್ಟು ರಸ್ತೆಯಲ್ಲಿ ಸಣ್ಣ ಕಾರು ಓಡಿಸಿದ್ದಷ್ಟೇ ಅವಳಿಗೆ ಗೊತ್ತು. ಹಲ್ಲು ಕಚ್ಚಿ ಜೀಪ್ ತಿರುಗಿಸಿದಳು. ಗೇರು ಕಿರುಗುಟ್ಟಿತು. ಎಡಕ್ಕೆ ಬಂಡೆ, ಬಲಕ್ಕೆ ಬರೀ ಆಕಾಶ.

"ಎಳ್ಕೊಳ್ಳಿ... ಊದಿ. ಎಳ್ಕೊಳ್ಳಿ... ಊದಿ."

ಹನ್ನೊಂದನೇ ತಿರುವಿನಲ್ಲಿ ಅವನು ಊದುವ ಸದ್ದು ನಿಂತಿತು. ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಿಂದ ಅವನ ಭುಜಕ್ಕೆ ಗುದ್ದಿದಳು.

"ರೀ! ಊದ್ರೀ! ನನಗೋಸ್ಕರ ಊದ್ರೀ!"

ಫೂ... ಅಂತ ಎಳೆಯಷ್ಟು ಸದ್ದು. ಅವಳು ಅಳುತ್ತಲೇ ಜೀಪನ್ನು ಕೆಳಗಿಳಿಸಿದಳು.

ತಪ್ಪಲಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅವನ ತುಟಿಗೆ ಬಣ್ಣ ಮರಳಿತು.

"ಯಾಕೆ ಬಂದ್ರಿ ಇವತ್ತು?"

ಅವನು ಮಾಸ್ಕ್ ಸರಿಸಿದ. "ಡ್ಯೂಟಿ ಪಟ್ಟಿಯಲ್ಲಿ ನಿಮ್ಮ ಹೆಸರಿತ್ತು. ನಿಮ್ಮನ್ನ ನೋಡಿ ಇಪ್ಪತ್ತು ದಿನ ಆಗಿತ್ತು."

ಅವಳು ಅವನ ಹೊದಿಕೆಯನ್ನು ಎದೆಯವರೆಗೆ ಎಳೆದಳು.

ಅಷ್ಟರಲ್ಲಿ ಡಾಕ್ಟರ್ ಫಾರಂ ಹಿಡಿದು ಬಂದರು. "ಇವರು ನಿಮಗೇನಾಗ್ಬೇಕು?"

"ಇನ್ನೂ ಏನೂ ಆಗಿಲ್ಲ ಡಾಕ್ಟ್ರೇ," ಅಂದಳು ಅವಳು, "ಆಗ್ಬೇಕು."

"ಬೇಗ ಬರ್ಕೊಳ್ಳಿ ಸಾರ್," ಅಂದ ಅವನು, "ಆಮೇಲೆ ಮಾತು ಬದಲಾಯಿಸಿಬಿಟ್ಟಾರು."

ಅವಳು ಮಾಸ್ಕನ್ನು ಅವನ ಮುಖಕ್ಕೆ ಒತ್ತಿ ಹಿಡಿದಳು. ಕೈ ತೆಗೆಯಲಿಲ್ಲ.