ಬಾತುಕೋಳಿ ದಳ

ನಾಳಿನ ಯುದ್ಧಗಳಿಗೆ ಹೊಸ ಉಪಾಯ ಹುಡುಕುವುದೇ ಆ ಸೇನಾ ಕಚೇರಿಯ ಕೆಲಸ. ಅಲ್ಲಿ ಅವನು ಮಂಡಿಸಿದ ಉಪಾಯ ಯಾಂತ್ರಿಕ ಬಾತುಕೋಳಿಗಳದು. ಹೊಟ್ಟೆಯೊಳಗೆ ಯಂತ್ರವಿಟ್ಟುಕೊಂಡು ಅವು ಗಡಿಯ ಕೆರೆಯನ್ನು ಈಜಿ ದಾಟಿ ಶತ್ರುವಿನ ರೇಡಾರನ್ನು ಕುರುಡು ಮಾಡುತ್ತವೆ. ಬಾತುಕೋಳಿಗೆ ಯಾವ ಸೈನಿಕ ತಾನೇ ಗುಂಡು ಹೊಡೆದಾನು?

"ಏನಯ್ಯಾ, ಯುದ್ಧ ಮಾಡೋಣ್ವೋ, ಮೊಟ್ಟೆಗೆ ಕಾವು ಕೊಡೋಣ್ವೋ?" ಎಂದರು ಮುಖ್ಯಸ್ಥರು. ಸಭೆಯೇ ಬಿದ್ದು ಬಿದ್ದು ನಕ್ಕಿತು. ಮುಖ್ಯಸ್ಥರೆಂದರೆ ಬೇರಾರೂ ಅಲ್ಲ, ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಹಾಗಾಗಿ ಭಾನುವಾರ ಅತ್ತೆಯ ಮನೆಯ ಊಟದ ಮೇಜಿನಲ್ಲೂ 'ಕ್ವಾಕ್ ಕ್ವಾಕ್' ಶುರುವಾಯಿತು.

"ಭಾವನ ಸ್ವಭಾವ ಗೊತ್ತಲ್ಲ, ಬಿಡ್ರೀ," ಎಂದು ಹೆಂಡತಿ ಮುಖ ತಿರುಗಿಸಿದಳು. ಅವಳ ಭುಜವೂ ಕುಲುಕುತ್ತಿತ್ತು.

ಅವನು ಅಂದೇ ನಿರ್ಧರಿಸಿದ. ಇವರಿಗೆ ಹಿತ್ತಲ ಗಿಡ ಮದ್ದಲ್ಲ. ಸರಿ, ಅದನ್ನೇ ಶತ್ರುವಿನ ಹಿತ್ತಲಲ್ಲಿ ನೆಟ್ಟರಾಯಿತು. ಆಗ ಇವರೇ ಹೆದರಿ ತನ್ನ ಕಾಲಿಗೆ ಬೀಳುತ್ತಾರೆ.

ಹೊರದೇಶದ ಸಮ್ಮೇಳನವೊಂದರಲ್ಲಿ, ಕಾಫಿಯ ಸರದಿ ಸಾಲಿನಲ್ಲಿ, ಶತ್ರುದೇಶದ ಕರ್ನಲ್ ಅವನ ಹಿಂದೆಯೇ ನಿಂತಿದ್ದ. ಕಾಗದವಿಲ್ಲ, ಫೋನಿಲ್ಲ, ಕಾಸಿನ ಮಾತೇ ಇಲ್ಲ. ಎಲ್ಲವೂ ಬಾಯಿಂದ ಕಿವಿಗೆ. ಒಂದು ಕಡೆ ಮಾತ್ರ ಬೇಕೆಂದೇ ತಪ್ಪು ಹೇಳಿದ: ಆ ಪ್ರಕಾರ ಕಟ್ಟಿದ ಬಾತುಕೋಳಿ ತಣ್ಣೀರಿಗೆ ಇಳಿದೊಡನೆ ಎಡಕ್ಕೇ ಗಿರಕಿ ಹೊಡೆಯುತ್ತದೆ. ಆದ್ದರಿಂದ ಇದು ದೇಶದ್ರೋಹವಲ್ಲ, ದೇಶಸೇವೆಯೇ. ದಾರಿ ಸ್ವಲ್ಪ ಬಳಸು, ಅಷ್ಟೆ. ಹಾಗೆಂದುಕೊಂಡು ಅವನು ನೆಮ್ಮದಿಯಾಗಿ ನಿದ್ದೆ ಮಾಡಿದ.

ಚಳಿಗಾಲ ಬರುತ್ತಲೇ ತುರ್ತುಸಭೆಗೆ ಕರೆ ಬಂತು. ಪರದೆಯ ಮೇಲೆ ಉಪಗ್ರಹ ಕಳಿಸಿದ ಚಿತ್ರ, ಗಡಿಯ ಕೆರೆ, ಶತ್ರುವಿನ ಕಡೆಯ ದಡ. ಷಡ್ಡಕನ ಮುಖ ಸುಣ್ಣದಂತೆ ಬಿಳಿಚಿತ್ತು. ಅವನು ಅದನ್ನೇ ಕಣ್ತುಂಬ ನೋಡುತ್ತ ಕುಳಿತ.

"ಇದಕ್ಕೆ ಯಾರ ಹತ್ರ ಆದ್ರೂ ಉತ್ತರ ಇದ್ಯಾ?" ಎಂದ ಷಡ್ಡಕ.

ಬಚ್ಚಲುಮನೆಯ ಕನ್ನಡಿಯೆದುರು ಎಷ್ಟು ಸಲ ಎದ್ದು ನಿಂತಿದ್ದನೋ, ಹಾಗೆಯೇ ಎದ್ದು ನಿಂತ. ಕೋಟು ಎಳೆದು ಸರಿಮಾಡಿಕೊಂಡ. "ಹೆದರ್ಬೇಡಿ ಸರ್. ತಣ್ಣೀರಿಗೆ ಇಳಿದ್ರೆ ಸಾಕು, ಅವು ಎಡಕ್ಕೇ ಸುತ್ತುತ್ವೆ. ಒಂದೂ ಈ ದಡ ಸೇರಲ್ಲ."

ಷಡ್ಡಕ ಜೀವಮಾನದಲ್ಲೇ ಮೊದಲ ಸಲ ಅವನನ್ನು ಬಹುವಚನದಲ್ಲಿ ಕೇಳಿದ: "ಯಾವುದರ ವಿಷಯ ಹೇಳ್ತಿದೀರಿ ನೀವು?"

"ಬಾತುಕೋಳಿಗಳು, ಸರ್."

ಈ ಸಲ ಯಾರೂ ನಗಲಿಲ್ಲ. ಬಾಗಿಲ ಬಳಿಯಿದ್ದ ಇಬ್ಬರು ಕಾವಲುಗಾರರು ಮೆಲ್ಲಗೆ ಹತ್ತಿರ ಬಂದರು. ಆಗಲೇ ಅವನು ಪರದೆಯನ್ನು ಸರಿಯಾಗಿ ನೋಡಿದ್ದು. ಕೆರೆ, ಅದರ ದಡದಲ್ಲಿ ಹೊಸದಾಗಿ ಎದ್ದ ಒಂದು ಉದ್ದನೆಯ ತಗಡಿನ ಛಾವಣಿ. ಅದರ ಕೆಳಗೆ ಏನಿದೆಯೆಂಬುದು ಉಪಗ್ರಹಕ್ಕೂ ಕಂಡಿರಲಿಲ್ಲ.