ಹಲಗೆಯ ಹಿಂದೆ ಬರೆದದ್ದು

ಅಳವಂಡಿಯ ದುರುಗವ್ವನ ಪಡಸಾಲೆಗೆ ಕಾಲಿಟ್ಟ ಕಸ್ತೂರೆಮ್ಮ ಅಲ್ಲೇ ನಿಂತುಬಿಟ್ಟಳು.

ಅವಳ ಅಪ್ಪ ವಿರುಪಣ್ಣ ಬರೆದುಕೊಟ್ಟ ಲಕ್ಷ್ಮಿಯ ಚಿತ್ರ ಗೋಣಿಚೀಲದ ಮೇಲೆ ಬೋರಲಾಗಿ ಬಿದ್ದಿತ್ತು. ಯಾವನೋ ಒಬ್ಬ ಅದರ ಹಿಂದಿನ ಕಾಗದವನ್ನು ಚಾಕುವಿನಿಂದ ಎಬ್ಬಿಸುತ್ತಿದ್ದ.

"ಕೈ ತಗೀರಿ!"

ಅವನು ತಲೆಯೆತ್ತಿದ. ಗಂಗಾವತಿಯ ಗ್ಯಾನಪ್ಪ, ಚೌಕಟ್ಟು ಕಟ್ಟುವವನು. ನೋಡಲು ಚೆನ್ನಾಗಿಯೇ ಇದ್ದ. ಅದೂ ಅವಳಿಗೆ ಆಗ ಅನುಮಾನಕ್ಕೆ ಒಂದು ಕಾರಣವಾಯಿತು.

"ಗೆದ್ದಲ ಹತ್ತೈತ್ರಿ. ಹೊಸ ಹಾಳಿ ಅಂಟಸಾಕತ್ತೀನಿ," ಎಂದವನೇ ಅವಸರದಿಂದ ಹಲಗೆಯ ಬೆನ್ನು ಮುಚ್ಚಿಬಿಟ್ಟ.

ಕೊಪ್ಪಳ, ಯಲಬುರ್ಗಾ ಎಲ್ಲ ತಿರುಗಿ ವಿರುಪಣ್ಣನ ಚಿತ್ರಗಳನ್ನೇ ಹುಡುಕಿ ರಿಪೇರಿ ಮಾಡುತ್ತಾನೆ ಎಂದು ದುರುಗವ್ವ ಅವನನ್ನು ಹೊಗಳಿದಳು. ಆ ಹೊಗಳಿಕೆಯೇ ಕಸ್ತೂರೆಮ್ಮನಿಗೆ ಹೆದರಿಕೆ ಹುಟ್ಟಿಸಿತು.

ಕಿನ್ನಾಳದ ಅವರ ಮನೆತನದಲ್ಲಿ ದೇವರಿಗೆ ಕಣ್ಣು ಬರೆಯುವುದು ಕಟ್ಟಕಡೆಗೆ. ಬರೆಯುವವನು ಉಪವಾಸವಿದ್ದ ಗಂಡಸೇ ಆಗಬೇಕು. ಆದರೆ 1936ರಿಂದ, ಸಾಯುವ ಮುಂಚಿನ ಐದು ವರ್ಷ, ವಿರುಪಣ್ಣನ ಕೈ ನಡುಗುತ್ತಿತ್ತು. ಬಾಗಿಲು ಹಾಕಿಕೊಂಡು ಕಣ್ಣು ಬರೆದವಳು ಇನ್ನೂ ಮದುವೆಯಾಗದ ಮಗಳು ಕಸ್ತೂರೆಮ್ಮ. ತಿಳಿದರೆ ಜನ ದೇವರನ್ನು ಹೊಳೆಗೆ ಬಿಟ್ಟು ಅಪ್ಪನ ಹೆಸರಿಗೆ ಉಗಿಯುತ್ತಿದ್ದರು.

ದೇವರ ಎದುರಿಗೆ ಮನುಷ್ಯರ ಹೆಸರು ಸಲ್ಲದೆಂದು ಅಪ್ಪ ಎಲ್ಲವನ್ನೂ ಹಲಗೆಯ ಹಿಂದೆ ಬರೆದು ಕಾಗದ ಅಂಟಿಸುತ್ತಿದ್ದ. ಯಾರ ಮನೆಯ ಚಿತ್ರ, ಯಾವ ತಿಂಗಳು, ಯಾರ ಕೈಕೆಲಸ... ತನ್ನ ವಿಷಯವನ್ನೂ ಬರೆದನೆ? ಅವಳು ಕೇಳಿರಲಿಲ್ಲ, ಅವನು ತೋರಿಸಿರಲಿಲ್ಲ.

ಇವನು ಓದಿದ್ದಾನೆ. ಖಂಡಿತ ಓದಿದ್ದಾನೆ! ಒಂದು ದಿನ ಬಂದು ಬೆದರಿಸುತ್ತಾನೆ...

ತಿಂಗಳೊಪ್ಪತ್ತು ಅವಳು ಗೊತ್ತಿದ್ದ ಮನೆಗಳಿಗೆಲ್ಲ ಹೋಗಿ ಬಂದಳು. ಎಲ್ಲ ಚಿತ್ರಗಳಿಗೂ ಹೊಸ ಕಾಗದ. ಮನೆಯಲ್ಲಿ ಅವ್ವ ಬಡಿಸಿದ ಅನ್ನ ಸೇರಲಿಲ್ಲ, ಕುಂಚ ಹಿಡಿಯಲು ಮನಸ್ಸಾಗಲಿಲ್ಲ. ಗ್ಯಾನಪ್ಪ ಚೌಕಟ್ಟು ಕೂಡಿಸಲು ದುರುಗವ್ವನ ಮನೆಗೆ ಬಂದಿದ್ದಾನೆಂದು ತಿಳಿದಾಗ ಓಡಿಬಂದವಳೇ ಅವನ ಕೈಯಿಂದ ಚಿತ್ರ ಕಿತ್ತುಕೊಂಡು ಹಿಂದಿನ ಕಾಗದ ಹರಿದಳು.

ಒಂದಲ್ಲ, ಮೂರು ಪದರ. ಮೈಲುತುತ್ತ ಬೆರೆಸಿದ ಅಂಟು, ಗೆದ್ದಲು ಮುಟ್ಟದಂಥದ್ದು. ಅದರ ಕೆಳಗೆ ಅಪ್ಪನ ಸೊಟ್ಟ ಅಕ್ಷರ ಒಂದೂ ಕೆಡದೆ ಕೂತಿತ್ತು.

'ಕಣ್ಣು ಬರೆದವಳು ಮಗಳು ಕಸ್ತೂರಿ. ಇಂಥ ಕೈ ನನಗೂ ಇರಲಿಲ್ಲ.'

ಅವಳಿಗೆ ಅಳು ಉಕ್ಕಿ ಬಂತು.

"ಯಾರರ ಓದಿಗೀದ್ಯಾರಂತ ಮುಚ್ಚಿದ್ನಿರಿ," ಎಂದ ಗ್ಯಾನಪ್ಪ ಮೆಲ್ಲಗೆ.

ಓದು ಬಾರದ ದುರುಗವ್ವ, ಏನು ಬರೆದಿದೆ ಎಂದು ಕೇಳಿದಳು. ಗ್ಯಾನಪ್ಪ ಉತ್ತರವನ್ನು ಕಸ್ತೂರೆಮ್ಮನಿಗೇ ಬಿಟ್ಟು ಚೌಕಟ್ಟಿನ ಕಡೆ ತಿರುಗಿದ. ಅವಳು ಏನಾದರೊಂದು ಸುಳ್ಳು ಹೇಳಿದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪ್ಪ ಇಷ್ಟು ಅಭಿಮಾನದಿಂದ ಬರೆದದ್ದನ್ನು ತಾನೇ ಅಳಿಸುವುದು ಹೇಗೆ?

"ಈ ಕಣ್ಣ ಬರದಾಕಿ ನಾನು, ದುರುಗವ್ವ."

ಮುದುಕಿ ಲಕ್ಷ್ಮಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಒರೆಸಿ, ತಾನೇ ಒಯ್ದು ಮೊಳೆಗೆ ತೂಗುಹಾಕಿದಳು.

"ಆರು ವರ್ಷದಿಂದ ನನ್ನ ಸುಖ-ದುಃಖ ಎಲ್ಲಾ ಈಕಿ ಮುಂದ ಹೇಳೀನಿ. ಈಗ ಯಾರ್ನ ಕೇಳಿ ಇಳಸ್ಲಿ?"

ಅಂಗಳದಲ್ಲಿ ಕಸ್ತೂರೆಮ್ಮ ಗ್ಯಾನಪ್ಪನನ್ನು ತಡೆದು, ನನಗೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ಬೆದರಿಸಲು ಬಂದವನು ಎನ್ನುತ್ತಿದ್ದಿರಿ ಎಂದ. ಅವಳಿಗೆ ನಾಚಿಕೆಯಾಯಿತು, ಅದು ನಿಜವಾಗಿತ್ತು.

"ನಮ್ಮನ್ಯಾಗೂ ನಿಮ್ಮಪ್ಪನ ಚಿತ್ರ ಐತ್ರಿ. ನಮ್ಮವ್ವ ಆ ಕಣ್ಣ ನೋಡಕೋತನ ಜೀವಾ ಬಿಟ್ಲು. ಹಿಂದ ನಿಮ್ಮ ಹೆಸರ ಓದಿದ ಮ್ಯಾಲ, ಬರದಾಕಿ ಒಮ್ಮೆರ ನನ್ನ ಕಡೆ ಹಂಗ ನೋಡಿದ್ರ ಸಾಕು ಅಂತ ನಿಮ್ಮ ಹೆಸರ ಕಾಯ್ಕೋತ ಊರೂರ ತಿರುಗಿದೆ. ನೀವು ನೋಡಿದ್ದು ಕಳ್ಳನ್ನ ನೋಡಿದಂಗ."

"ಈಗ ಹೆಂಗ ನೋಡಾಕತ್ತೀನಿ?"

ಅವನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಒಂದ ಸಲಕ್ಕ ತಿಳಿಯಂಗಿಲ್ರಿ. ದಿನಾ ನೋಡಿದ್ರ ಹೇಳೇನು."

ಕಸ್ತೂರೆಮ್ಮ ಕಣ್ಣೊರೆಸಿಕೊಂಡಳು.

"ಹಂಗಾರ ಸೋಮವಾರ ಕಿನ್ನಾಳಕ್ಕ ಬರ್ರಿ. ನಮ್ಮವ್ವನ್ನ ಕೇಳ್ರಿ."