ಮೂರನೇ ಸಲ ಕರೆದಾಗ

"ರೀ..."

ಅಡುಗೆಮನೆಯಿಂದ ಹೆಣ್ಣುದನಿಯೊಂದು ತೇಲಿ ಬಂತು.

ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ ಸಿದ್ದಲಿಂಗಸ್ವಾಮಿ ದಡಕ್ಕನೆ ಎದ್ದ. ಪೇಪರ್ ಕೆಳಗೆ ಬಿತ್ತು. "ಆಂ... ಬಂದೆ, ಬಂದೆ!" ಎನ್ನುತ್ತಾ ಒಳಗೆ ಓಡಿದ.

"ಕಟ್! ಕಟ್!"

ನಡುಮನೆ ತುಂಬ ನಗು. ಕ್ಯಾಮೆರಾದವನು ನಕ್ಕ, ಲೈಟ್ ಹಿಡಿದವನು ನಕ್ಕ, ಡೈರೆಕ್ಟರ್ ಹಣೆ ಚಚ್ಚಿಕೊಂಡು ನಕ್ಕ.

ನಗದೆ ಉಳಿದವಳು ಒಬ್ಬಳೇ. ಕೊಡ ಸೊಂಟಕ್ಕೇರಿಸಿ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ಸರ್ವಮಂಗಳಾ.

ಅಡುಗೆಮನೆಯಲ್ಲಿ, ಅವಳ ಕಟ್ಟೆಯ ಮುಂದೆ, ಅವಳದೇ ಹಸಿರು ಹತ್ತಿ ಸೀರೆ ಉಟ್ಟು ನಿಂತಿದ್ದಳು ಸೀರಿಯಲ್ ನಟಿ ಲಾಸ್ಯ. ಉಟ್ಟು ಮೆತ್ತಗಾದ ಸೀರೆಯೇ ಬೇಕು ಅಂತ ಬೆಳಿಗ್ಗೆ ಕೇಳಿ ಪಡೆದಿದ್ದಳು. ಆ ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಅಯ್ಯೋ ಸರ್, ನಾನು ಕರೆದದ್ದು ಸೀರಿಯಲ್ ಗಂಡನ್ನ! ನಿಮ್ಮನ್ನಲ್ಲ!"

"ಸಾರಿ... ಸಾರಿ ಕಣಮ್ಮ," ಸಿದ್ದಲಿಂಗಸ್ವಾಮಿ ಕಿವಿಯವರೆಗೂ ಕೆಂಪಾದ. ಹೊರಗೆ ಹೋಗುತ್ತಾ ತಿರುಗಿ, "ಆ ಸೀರೆ ಚೆನ್ನಾಗಿದೆ," ಅಂದ.

ಸರ್ವಮಂಗಳಾಳ ಸೊಂಟದ ಕೊಡ ತುಳುಕಿತು.

ಹದಿನೇಳು ವರ್ಷ! ಹದಿನೇಳು ವರ್ಷದಿಂದ ಅದೇ ಅಡುಗೆಮನೆಯಿಂದ ಅವಳು 'ರೀ' ಎಂದು ಕರೆಯುತ್ತಾ ಬಂದಿದ್ದಳು. ಮೊದಲನೆಯ ಸಲಕ್ಕೆ ಅವನು ಓಗೊಟ್ಟದ್ದೇ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ಸಲ ಅವಳ ತಾಳ್ಮೆ ಹರಿದು, "ಸಿದ್ದಲಿಂಗಸ್ವಾಮಿಗಳೇ! ಕಿವಿ ಎಲ್ಲಿಟ್ಟಿದೀರಾ?" ಎಂದು ಕಿರುಚಿದ ಮೇಲೇ, "ಹೂಂ, ಏನು?" ಎಂದು ನಿಧಾನಕ್ಕೆ ಬರುತ್ತಿದ್ದ.

ಗಂಡನ ಹೆಸರು ಹಿಡಿದು ಕರೆಯುವ ಮನೆಯಲ್ಲಿ ಬೆಳೆದವಳಲ್ಲ ಅವಳು. ಸಿಟ್ಟು ಬಂದಾಗ ಮಾತ್ರ ಆ ಹೆಸರು ಬಾಯಿಗೆ ಬರುತ್ತಿತ್ತು.

'ಇವಳು ಒಂದೇ ಸಲ ಕರೆದಳು... ಓಡಿ ಬಂದರಲ್ಲ!'

ಇಷ್ಟಕ್ಕೂ ಶೂಟಿಂಗಿಗೆ ಒಪ್ಪಿದ್ದು ಅವಳೇ. ಚಾಮರಾಜಪುರಂನ ಹೆಂಚಿನ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿರುವಾಗ, ಮಾವನವರ ಕಾಲದ ಈ ಮನೆ ಸೀರಿಯಲ್‌ನವರ ಕಣ್ಣಿಗೆ ಬಿದ್ದಿತ್ತು. ಮ್ಯಾನೇಜರ್ ಪ್ರೇಮ್‌ಕುಮಾರ್ ಬಂದು, "ನಾಲ್ಕು ದಿನಕ್ಕೆ ನಲವತ್ತೆಂಟು ಸಾವಿರ ಮೇಡಂ, ಅರ್ಧ ಇವತ್ತೇ," ಎಂದಾಗ ಅವಳು ನಿಂತಲ್ಲೇ ಹೂಂ ಅಂದುಬಿಟ್ಟಿದ್ದಳು.

ಕಾಲೇಜಿನ ಲ್ಯಾಬ್ ಅಸಿಸ್ಟೆಂಟನ ಸಂಬಳದ ಮನೆಗೆ ಅದು ಆಕಾಶದಿಂದ ಬಿದ್ದ ದುಡ್ಡು! ಕ್ಯಾಲೆಂಡರ್ ಹಾಳೆಯ ಹಿಂದೆ ಅವಳು ಪಟ್ಟಿ ಬರೆದಳು. ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸುವುದು. ಮಗಳು ಸಿಂಚನಾಳ ಟ್ಯೂಷನ್, ಹೊಸ ಕನ್ನಡಕ. ಬಚ್ಚಲಿಗೆ ಗೀಸರ್. ಇವರಿಗೆ ಎರಡು ಪ್ಯಾಂಟು...

ಆ ಪಟ್ಟಿಯಲ್ಲಿ ಅವಳಿಗೆ ಅಂತ ಒಂದೂ ಇರಲಿಲ್ಲ. ಇಲ್ಲ ಅನ್ನುವುದು ಅವಳಿಗೂ ಹೊಳೆದಿರಲಿಲ್ಲ.

ಪಟ್ಟಿ ಓದಿ ಹೇಳಿದಾಗ ಗಂಡ, "ಹೂಂ... ನೋಡಣ. ನಾನೂ ಒಂದು ಯೋಚನೆ ಇಟ್ಕಂಡಿದೀನಿ," ಅಂದಿದ್ದ.

"ಏನದು?"

"ಆಮೇಲೆ ಹೇಳ್ತೀನಿ ಬುಡು."

ಈಗ ಆ 'ಆಮೇಲೆ' ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚತೊಡಗಿತು.

ಎರಡನೆಯ ದಿನ ಇನ್ನೂ ಕಷ್ಟವಾಯಿತು. ಲಾಸ್ಯ ಕೆಟ್ಟ ಹುಡುಗಿಯಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಆದರೆ ಆ ಹುಡುಗಿ "ಅಕ್ಕಾ, ಅಕ್ಕಾ" ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಬಾಗಿಲ ಪಕ್ಕ ಬಂದು ಭುಜಕ್ಕೆ ಭುಜ ತಾಗಿಸಿ, "ನೋಡಿ ಅಕ್ಕಾ, ನಾವಿಬ್ರೂ ಒಂದೇ ಉದ್ದ! ನನಗೆ ಯಾವ ಹೀರೋನೂ ಸರಿಹೋಗಲ್ಲ, ಸ್ಟೂಲ್ ಹಾಕ್ಕೊಂಡು ನಿಂತ್ಕೋತಾರೆ," ಎಂದು ನಗಿಸಿದಳು ಕೂಡ.

ಜಗಲಿಯಲ್ಲಿದ್ದ ಸಿದ್ದಲಿಂಗಸ್ವಾಮಿ ತಲೆಯೆತ್ತಿ ಇಬ್ಬರನ್ನೂ ನೋಡಿದ. ತುಂಬ ಹೊತ್ತು ನೋಡಿದ.

'ಯಾರನ್ನ ನೋಡ್ತಿದಾರೆ?' ಕೇಳಬೇಕಾದ ಪ್ರಶ್ನೆಯೇ ಅಲ್ಲ ಅನ್ನಿಸಿತು ಅವಳಿಗೆ. ಇಪ್ಪತ್ತಾರರ ಮುಖ ಪಕ್ಕದಲ್ಲಿರುವಾಗ ನಲವತ್ತರ ಮುಖವನ್ನು ಯಾರು ನೋಡುತ್ತಾರೆ!

ಮಧ್ಯಾಹ್ನ ಒಗ್ಗರಣೆಯ ಸೀನು. "ಜೀರಿಗೆ ಎಲ್ಲಿದೆ?" ಎಂದು ಲಾಸ್ಯ ಕೇಳಿದ್ದೇ ತಡ, ಹೊರಗಿನಿಂದ ಸಿದ್ದಲಿಂಗಸ್ವಾಮಿಯ ದನಿ. "ಮೇಲಿನ ಸಾಲಲ್ಲಿ ಮೂರನೇ ಡಬ್ಬ. ಮುಚ್ಚಳ ಎಡಗಡೆಗೆ ತಿರುಗ್ಸಿ, ಬಿಗಿ ಇದೆ."

ಸರ್ವಮಂಗಳಾ ದಂಗಾದಳು. ಉಪ್ಪಿನ ಡಬ್ಬ ಕೊಡಿ ಅಂದರೆ ಸಕ್ಕರೆ ಡಬ್ಬ ತಂದುಕೊಡುವ ಮನುಷ್ಯ!

ಶಾಲೆಯಿಂದ ಬಂದ ಸಿಂಚನಾ ಕಣ್ಣು ಮಿಟುಕಿಸಿದಳು. "ಅಮ್ಮಾ, ಭಾನುವಾರ ಬಿಟ್ರೆ ಶೇವ್ ಮಾಡ್ದಿರೋ ಅಪ್ಪ ಇವತ್ತು ಮಾಡ್ಬುಟ್ಟಿದಾರೆ. ಬುಧವಾರ!"

"ಹೋಗಿ ಹೋಂವರ್ಕ್ ಮಾಡು," ಅವಳು ರೇಗಿದಳು.

ಮೂರನೆಯ ದಿನ ಹೆಂಚಿನವರಿಗೆ ಮುಂಗಡ ಕೊಡೋಣವೆಂದು ಬೀರು ತೆಗೆದರೆ ಕವರು ತೆಳ್ಳಗಿತ್ತು. ಹದಿನೈದು ಸಾವಿರ ಇರಲಿಲ್ಲ.

"ರೀ, ಇದರಲ್ಲಿ ದುಡ್ಡು...?"

"ನಾನೇ ತಗಂಡೆ. ಒಂದು ಕೆಲಸಕ್ಕೆ ಬೇಕಾಗಿತ್ತು." ಅವನು ಕಣ್ಣು ತಪ್ಪಿಸಿದ. "ಇವತ್ತು ಸಂಜೆ ಹೇಳ್ತೀನಿ. ಈಗ ಕೇಳ್ಬೇಡ ಮಂಗಳಾ."

ಅವಳು ಕೇಳಲಿಲ್ಲ. ಚೀಲ ತೆಗೆದುಕೊಂಡು ತರಕಾರಿಗೆ ಅಗ್ರಹಾರದ ಕಡೆ ನಡೆದಳು. ದಾರಿಯುದ್ದಕ್ಕೂ ಹದಿನೈದು ಸಾವಿರ ಬಣ್ಣಬಣ್ಣವಾಗಿ ಕಂಡಿತು. ಒಮ್ಮೆ ರೇಷ್ಮೆ ಸೀರೆಯಾಯಿತು. ಒಮ್ಮೆ ಆ ಹುಡುಗಿಯ ಬೆರಳಿನ ಉಂಗುರವಾಯಿತು. ಛೀ, ನಾನೇಕೆ ಹೀಗಾದೆ? ಬದನೆಕಾಯಿ ಆರಿಸುತ್ತಾ ಕಣ್ಣು ತುಂಬಿತು.

ಹೊಟ್ಟೆಕಿಚ್ಚಿನಲ್ಲಿ ಒಂದು ನಾಚಿಕೆಯೂ ಇರುತ್ತದೆ. ಇಷ್ಟು ವರ್ಷ ಯಾವುದನ್ನು ಬೇಡವೆಂದು ಬಿಟ್ಟಿದ್ದೆವೋ, ಅದು ಇನ್ನೊಬ್ಬರಿಗೆ ಸಿಗುವಾಗಲೇ ನಮಗೆ ಎಷ್ಟು ಬೇಕಿತ್ತು ಎಂದು ತಿಳಿಯುವುದು.

ಹಿತ್ತಲಿನಿಂದ ಮನೆಗೆ ಬಂದಳು. ಊಟದ ಹೊತ್ತು. ಸೆಟ್ಟಿನವರೆಲ್ಲ ಬೀದಿಯ ಶಾಮಿಯಾನದಲ್ಲಿದ್ದರು. ಅಡುಗೆಮನೆಯ ಕಿಟಕಿಯಿಂದ ನಗು ಕೇಳಿಸಿತು.

ಬಗ್ಗಿ ನೋಡಿದಳು.

ಹಸಿರು ಸೀರೆಯ ಲಾಸ್ಯ ಕಟ್ಟೆಗೆ ಒರಗಿ, ಮೊಣಕೈ ಮಡಿಸಿ ನಿಂತಿದ್ದಳು. ಅವಳ ಪಕ್ಕದಲ್ಲಿ, ತೀರಾ ಪಕ್ಕದಲ್ಲಿ, ಸಿದ್ದಲಿಂಗಸ್ವಾಮಿ ಮಂಡಿಯೂರಿ ಕೂತು ಅವಳ ಮೊಣಕೈಯನ್ನೇ ನೋಡುತ್ತಿದ್ದ!

"ಅಲ್ಲಾಡ್ಬೇಡಿ ಕಣಮ್ಮ... ಹಾಂ, ಹಂಗೇ..."

"ಅಕ್ಕನಿಗೆ ಗೊತ್ತಾದ್ರೆ ಸರ್?"

"ಗೊತ್ತಾಗ್ಬಾರ್ದು. ಗೊತ್ತಾದ್ರೆ ಕೆಲಸ ಕೆಡ್ತದೆ!"

ತರಕಾರಿ ಚೀಲ ಕೈಜಾರಿತು. ಬದನೆಕಾಯಿಗಳು ಹಿತ್ತಲ ತುಂಬ ಉರುಳಿದವು. ಒಳಗಿದ್ದ ಇಬ್ಬರೂ ಬೆಚ್ಚಿ ತಿರುಗುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

"ನಾನು ಬಾಡಿಗೆಗೆ ಕೊಟ್ಟಿದ್ದು ಮನೇನ! ಗಂಡನ್ನಲ್ಲ!"

"ಅಕ್ಕಾ..."

"ಅಕ್ಕ ಅನ್ಬೇಡ! ನನ್ನ ಕಟ್ಟೆ, ನನ್ನ ಸೀರೆ, ನನ್ನ ಡಬ್ಬ... ಇನ್ನೇನು ಉಳಿದಿದೆ ಹೇಳು? ಕರೀರಿ ಆ ಪ್ರೇಮ್‌ಕುಮಾರ್‌ನ! ನಾಳೆ ಶೂಟಿಂಗ್ ಬೇಡ. ದುಡ್ಡೆಲ್ಲ ವಾಪಸ್ ತಗಂಡು ಹೋಗ್ಲಿ!"

"ಮಂಗಳಾ, ಒಂದು ನಿಮಿಷ..."

"ನೀವು ಮಾತಾಡ್ಬೇಡಿ! ಅವಳು ಒಂದ್ಸಲ 'ರೀ' ಅಂದ್ರೆ ಪೇಪರ್ ಬಿಸಾಕಿ ಓಡ್ತೀರಾ. ನಾನು ಹದಿನೇಳು ವರ್ಷ ಗಂಟಲು ಹರ್ಕಂಡೆ..."

ಇಷ್ಟು ದಿನ ತಡೆದಿಟ್ಟಿದ್ದ ಅಳು ಕಟ್ಟೆ ಒಡೆದು ಬಂತು.

ಸಿದ್ದಲಿಂಗಸ್ವಾಮಿ ಮುಷ್ಟಿ ಬಿಚ್ಚಿದ. ಅವನ ಅಂಗೈಯಲ್ಲಿ ಒಂದು ದಾರವಿತ್ತು. ಬಿಳಿ ನೂಲಿನ ದಾರ. ಅದರಲ್ಲಿ ಎರಡು ಗಂಟು.

"ಇದು ಈಗಿರೋ ಕಟ್ಟೆ ಎತ್ತರ," ಮೊದಲ ಗಂಟು ಮುಟ್ಟಿ ಹೇಳಿದ. "ಇದು ನಿನಗೆ ಬೇಕಾದ ಎತ್ತರ. ಐದಿಂಚು ಜಾಸ್ತಿ."

ಅವಳಿಗೆ ಅರ್ಥವಾಗಲಿಲ್ಲ.

"ಇದು ನಮ್ಮಮ್ಮನಿಗೆ ಅಂತ ಕಟ್ಟಿಸಿದ್ದು. ಅವರು ಕುಳ್ಳಗಿದ್ರು. ನೀನು ಉದ್ದ. ಹದಿನೇಳು ವರ್ಷದಿಂದ ಬಗ್ಗಿ ಬಗ್ಗಿ ಅಡುಗೆ ಮಾಡ್ತಿದೀಯ. ಸಂಜೆಯಾದ್ರೆ ಚೌಕಟ್ಟಿಗೆ ಸೊಂಟ ಒತ್ತಿಕೊಂಡು ನಿಂತ್ಕೋತೀಯಲ್ಲ... ನಾನು ಬಂದ ತಕ್ಷಣ ನೆಟ್ಟಗಾಗ್ತೀಯಲ್ಲ..."

ಸರ್ವಮಂಗಳಾ ಅಳು ನಿಲ್ಲಿಸಿದಳು. ಅದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದಳು ಅವಳು.

"ಸೆಟ್ ಕೆಲಸದ ಜವರಪ್ಪ ಮೊದಲು ಗಾರೆ ಕೆಲಸ ಮಾಡ್ತಿದ್ದನಂತೆ. ನಾಳೆ ಶೂಟಿಂಗ್ ಮುಗಿದ ಮೇಲೆ ಕಡಪಾ ಕಲ್ಲು ಇಳಿಸಿ, ಇಟ್ಟಿಗೆ ಏರಿಸಿ, ಮತ್ತೆ ಕೂರಿಸ್ಕೊಡ್ತೀನಿ ಅಂದ. ಆ ಹದಿನೈದು ಸಾವಿರ ಅವನಿಗೇ ಕೊಟ್ಟಿದೀನಿ. ಕಟ್ಟೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರ್ಬೇಕಂತೆ. ನಿನ್ನನ್ನೇ ನಿಲ್ಲಿಸಿ ಅಳತೆ ತಗಂಡ್ರೆ, ಬೇಡ, ಹೆಂಚಿಗಿರ್ಲಿ, ಸಿಂಚನಂಗಿರ್ಲಿ ಅಂತಿದ್ದೆ. ಅಂತಿದ್ಯೋ ಇಲ್ವೋ?"

ಅಂತಿದ್ದೆ... ಅವಳು ತಲೆಯಾಡಿಸಿದಳು.

"ನಾವಿಬ್ರೂ ಒಂದೇ ಉದ್ದ ಅಲ್ವಾ ಅಕ್ಕಾ," ಲಾಸ್ಯ ಮೆಲ್ಲಗೆ ಹೇಳಿದಳು. "ಅದಕ್ಕೇ ನನ್ನನ್ನ ಕೇಳಿದ್ರು. ಈ ಮೂರು ದಿನದಲ್ಲಿ ಸರ್ ನನ್ನ ಹತ್ರ ಮಾತಾಡಿದ್ದೆಲ್ಲ ನಿಮ್ಮ ವಿಷಯಾನೇ. ನೀವು ಸೌಟು ಹಿಡಿಯೋದು, ಸೆರಗು ಸಿಕ್ಕಿಸೋದು... ಅದನ್ನೇ ನಾನು ಆ್ಯಕ್ಟ್ ಮಾಡ್ತಿದೀನಿ."

ಸರ್ವಮಂಗಳಾ ಮುಖ ಒರೆಸಿಕೊಂಡಳು. "ತಪ್ಪಾಯ್ತಮ್ಮ. ಬಾಯಿಗೆ ಬಂದಂಗೆ ಅಂದ್ಬುಟ್ಟೆ."

"ಇಲ್ಲ ಅಕ್ಕಾ. ಆ ಡೈಲಾಗ್ ಸಕತ್ತಾಗಿತ್ತು. ಡೈರೆಕ್ಟರ್‌ಗೆ ಹೇಳ್ಲಾ?"

"ಹೇಳಿ ನೋಡು!" ಅಂದಳು ಅವಳು. ಅಳುವಿನ ನಡುವೆಯೇ ನಗು ಬಂತು.

ಲಾಸ್ಯ ಹೊರಗೆ ಹೋದಳು. ಗಂಡ ಹೆಂಡತಿ ಹಿತ್ತಲಲ್ಲಿ ಬದನೆಕಾಯಿ ಆಯುತ್ತಾ ಕೂತರು.

"ಆದ್ರೂ ಓಡಿ ಬಂದ್ರಲ್ಲ," ಅವಳು ತಲೆಯೆತ್ತದೆ ಹೇಳಿದಳು. "ಒಂದೇ ಕರೆಗೆ."

"ನಮ್ಮ ಅಡುಗೆಮನೆಯಿಂದ ನಿನ್ನದಲ್ಲದ ದನಿ ಬಂತು ಮಂಗಳಾ. ಶೂಟಿಂಗ್ ಅನ್ನೋದೇ ಮರ್ತೋಯ್ತು, ನಿನಗೇನೋ ಆಯ್ತು ಅಂದ್ಕಂಡೆ. ಎದೆ ಧಸಕ್ ಅಂತು."

ಬದನೆಕಾಯಿ ಹಿಡಿದ ಅವಳ ಕೈ ನಿಂತಿತು.

"ಮತ್ತೆ ನಾನು ಕರೆದಾಗ?"

ನಲವತ್ತಾರರ ಗಂಡಸು ಹುಡುಗನಂತೆ ನಾಚಿದ್ದನ್ನು ಅವಳು ಮೊದಲ ಸಲ ನೋಡಿದಳು.

"ಮೊದಲನೇ ಸಲಕ್ಕೇ ಕೇಳಿಸ್ತದೆ. ಬರಲ್ಲ, ಅಷ್ಟೆ. ಮೂರನೇ ಸಲ ನೀನು ನನ್ನ ಹೆಸರು ಹಿಡಿದು ಕರೀತೀಯ. ಬೇರೆ ಯಾವಾಗ್ಲೂ ಕರಿಯಲ್ಲ. ಅದಕ್ಕೋಸ್ಕರ ಕಾಯ್ತೀನಿ."

"ಅಯ್ಯೋ ದೇವ್ರೇ! ಬೈಗುಳಕ್ಕೆ ಕಾಯ್ತಿದ್ರಾ?"

"ಬೈಗುಳದಲ್ಲಿ ಹೆಸರಿರ್ತದಲ್ಲ."

ಹದಿನೇಳು ವರ್ಷದ ಕಿರುಚಾಟವೆಲ್ಲ ಆ ಒಂದು ಕ್ಷಣದಲ್ಲಿ ಅವಳ ಕಿವಿಯೊಳಗೆ ಬೇರೆಯೇ ರಾಗವಾಗಿ ಕೇಳಿಸಿತು.

ನಾಲ್ಕನೆಯ ದಿನ ಶೂಟಿಂಗ್ ಮುಗಿಯಿತು. ಜವರಪ್ಪ ಕಟ್ಟೆ ಎತ್ತರಿಸಿ, ಮಟ್ಟ ನೋಡಿ, "ಎರಡು ದಿನ ಭಾರ ಹಾಕ್ಬೇಡಿ ತಾಯಿ," ಎಂದು ಹೇಳಿ ಹೋದ. ಉಳಿದ ದುಡ್ಡು ಹೆಂಚಿಗೆ, ಕನ್ನಡಕಕ್ಕೆ, ಟ್ಯೂಷನ್ನಿಗೆ ಸರಿಹೋಯಿತು. ಗೀಸರ್ ಪಟ್ಟಿಯಲ್ಲೇ ಉಳಿಯಿತು. ಪ್ಯಾಂಟೂ ಉಳಿಯಿತು.

ಅದಾದ ಮೂರನೆಯ ದಿನ ಬೆಳಿಗ್ಗೆ ಸರ್ವಮಂಗಳಾ ಹೊಸ ಎತ್ತರದ ಕಟ್ಟೆಯ ಮುಂದೆ ನಿಂತಳು. ಈರುಳ್ಳಿ ಹೆಚ್ಚಿದಳು. ಬೆನ್ನು ನೆಟ್ಟಗಿತ್ತು. ಅಭ್ಯಾಸಬಲದಿಂದ ಬಗ್ಗಲು ಹೋದರೆ ಕಟ್ಟೆಯೇ ಬೇಡವೆನ್ನುತ್ತಿತ್ತು! ಮೊದಲ ಸಲ ಅವಳ ಕಣ್ಣಿಗೆ ಕಿಟಕಿಯಾಚೆಯ ಕರಿಬೇವಿನ ಗಿಡದ ತುದಿ ಕಂಡಿತು.

"ರೀ..."

ಉತ್ತರವಿಲ್ಲ.

"ರೀ, ಕಾಫಿ ಆಯ್ತು..."

ಉತ್ತರವಿಲ್ಲ.

ಅವಳು ಚಾಕು ಕೆಳಗಿಟ್ಟಳು. ಸಿಟ್ಟು ಬರಲೆಂದು ಕಾದಳು. ಬರಲಿಲ್ಲ. ಎದೆ ಮಾತ್ರ ಹೊಸ ಮದುವಣಗಿತ್ತಿಯ ಹಾಗೆ ಬಡಿದುಕೊಂಡಿತು. ಬೀದಿಯವರಿಗಿರಲಿ, ನಡುಮನೆಗೂ ಕೇಳಿಸದಷ್ಟು ಮೆಲ್ಲಗೆ ಕರೆದಳು.

"ಸಿದ್ದಲಿಂಗಸ್ವಾಮೀ..."

"ಹೂಂ?"

ಅವನು ಬಾಗಿಲ ಹಿಂದೆಯೇ ನಿಂತಿದ್ದ.

"ಅಲ್ಲೇ ಇದ್ರಾ!"

"ಮೊದಲನೇ ಸಲದಿಂದ ಇಲ್ಲೇ ಇದೀನಿ." ಅವನು ಒಳಗೆ ಬಂದು ಅವಳ ಪಕ್ಕ ಕಟ್ಟೆಗೆ ಒರಗಿದ. "ಇನ್ನೊಂದ್ಸಲ ಕರಿ."

"ಮೊದಲು ನಿಜ ಹೇಳಿ. ಆ ಹಸಿರು ಸೀರೆ ಯಾರಿಗೆ ಚೆನ್ನಾಗಿತ್ತು?"

"ಇನ್ನೂ ಬಿಟ್ಟಿಲ್ವಾ ನೀನು?"

"ಬಿಡಲ್ಲ."

"ಆ ಸೀರೆ ನೆನಪೇ ಇಲ್ಲ ಕಣೆ. ಅದನ್ನ ಅವಳ ಮೈಮೇಲೆ ನೋಡಿ, ಕೊಡ ಹಿಡ್ಕಂಡು ನೀನು ನಿಂತಿದ್ದೆ ನೋಡು... ಅದು ನೆನಪಿದೆ."

"ಹೆಂಗೆ ನಿಂತಿದ್ದೆ?"

"ಇಡೀ ಮನೆ ನಿಂದೇ ಅನ್ನೋ ಹಂಗೆ."

ಅವಳು ಕಾಫಿ ಲೋಟ ಅವನ ಕೈಗಿಟ್ಟಳು. ಆಮೇಲೆ, ಸಿಟ್ಟಿಲ್ಲದೆ, ಇನ್ನೊಂದು ಸಲ ಅವನ ಹೆಸರು ಹೇಳಿದಳು.